ಕರಡು ಮುಗಿದ ಮನೆಯ ಕಾಫಿ

ನಮ್ಮೂರಿನಲ್ಲಿ ಪದ್ಯ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಕಾದಂಬರಿ ಬರೆಯುವವರು ಕಡಿಮೆ. ಚಂದ್ರನ ಮೇಲೆ ಪದ್ಯ ಬರೆದರೆ ಚಂದ್ರ ಕಾಫಿಗೆ ಬರುವುದಿಲ್ಲ. ಕಾದಂಬರಿಯ ಮೊದಲ ಕರಡು ಮುಗಿದರೆ ಮಾರನೆಯ ಬೆಳಿಗ್ಗೆ ಅದರೊಳಗಿರುವವರೆಲ್ಲ ಬರೆದವರ ಮನೆಗೆ ಕಾಫಿಗೆ ಬರುತ್ತಾರೆ. ಬದುಕಿರುವವರಾದರೆ ಎಲ್ಲಿದ್ದರೂ ತಮ್ಮ ಕಾಲ ಮೇಲೆ ನಡೆದು ಬಂದು ತಮ್ಮ ಲೋಟದ ಮುಂದೆ ಕೂರುತ್ತಾರೆ. ಹೆಸರು ಬದಲಿಸಿ ಬರೆಯಿರಿ, ಮೀಸೆ ಅಂಟಿಸಿ ಬರೆಯಿರಿ, ಅವರ ಕಾಲಿಗೆ ಗೊತ್ತಾಗುತ್ತದೆ. ತಲೆಯಿಂದ ಕಟ್ಟಿ ಬರೆದವರಾದರೆ ಯಾರೂ ಕಾಣಿಸುವುದಿಲ್ಲ, ಲೋಟದ ಕಾಫಿ ತಾನಾಗಿ ಇಳಿದು ಖಾಲಿಯಾಗುತ್ತದೆ. ಸತ್ತವರ ಲೋಟ ಮಾತ್ರ ಇಟ್ಟ ಹಾಗೇ ಇರುತ್ತದೆ. ಅದನ್ನು ಸಂಜೆ ದೀಪ ಹಚ್ಚುವವರೆಗೆ ಕಾದು, ಆಮೇಲೆ ಗಿಡದ ಬುಡಕ್ಕೆ ಸುರಿದು, ತಲೆಗೆ ನೀರು ಹಾಕಿಕೊಳ್ಳಬೇಕು.

ಇದಕ್ಕೆಲ್ಲ ಊರು ಹೊಂದಿಕೊಂಡಿದೆ. ಬಸ್ಸು ಓಡಿಸುವವರನ್ನು ಕಾದಂಬರಿಗೆ ಹಾಕಬಾರದು ಎಂಬ ಕಟ್ಟಳೆ ಬಂದದ್ದು, ಹಿಂದೊಮ್ಮೆ ಡ್ರೈವರೊಬ್ಬ ತುಂಬಿದ ಬಸ್ಸನ್ನು ಸೇತುವೆಯ ಮೇಲೆ ನಿಲ್ಲಿಸಿ ಯಾರದೋ ಮನೆಗೆ ಕಾಫಿಗೆ ಹೊರಟ ಮೇಲೆ. ಕರಡು ಮುಗಿಯುವ ಮುಂಚೆ ಒಳಗಿರುವವರ ಮನೆಗೆಲ್ಲ ಹೋಗಿ, ಅರಿಶಿನ ಕುಂಕುಮಕ್ಕೆ ಕರೆದ ಹಾಗೆ ಹೇಳಿಬರಬೇಕು. ಕಾಫಿಯ ಮನೆಯಲ್ಲಿ ಕಂಡದ್ದನ್ನು ಯಾರೂ ಹೊರಗೆ ಆಡಬಾರದು. ಈ ಕಡೆಯದನ್ನು ಜನ ಅಷ್ಟಾಗಿ ಪಾಲಿಸುವುದಿಲ್ಲ, ನಮ್ಮೂರೂ ಊರೇ ತಾನೆ.

ನಾನು ಕಾದಂಬರಿಗೆ ಕೈ ಹಾಕಿದ್ದು ಸಾಹಿತ್ಯ ಸೇವೆಗಲ್ಲ. ನಾನು ಪುಟ್ಟ ಮಗುವಾಗಿದ್ದಾಗ ಅಪ್ಪ ಕಾಫಿಪುಡಿ ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಪುಡಿಯಂಗಡಿ ನಮ್ಮ ಬೀದಿಯ ತುದಿಯಲ್ಲೇ ಇದೆ. ಅಷ್ಟು ದೂರದಲ್ಲಿ ಕಳೆದುಹೋಗಬೇಕಾದರೆ ಅದಕ್ಕೊಂದು ಪ್ರತಿಭೆ ಬೇಕು ಎಂದು ನಾನು ದೊಡ್ಡವಳಾದ ಮೇಲೆ ತಮಾಷೆ ಮಾಡುತ್ತಿದ್ದೆ. ಅಮ್ಮ ನಗುತ್ತಿರಲಿಲ್ಲ. ಅವರು ಪುಡಿ ತರುವವರೆಗೆ ಈ ಬಾಯಿಗೆ ಕಾಫಿ ಹಾಕುವುದಿಲ್ಲ ಎಂದು ಅವಳು ಊರೆದುರು ಹೇಳಿಬಿಟ್ಟಿದ್ದಳು. ಹಾಗೇ ನಡೆದುಕೊಂಡಿದ್ದಳು ಕೂಡ. ಊರಿನಲ್ಲಿ ಸುಭದ್ರಮ್ಮನ ವ್ರತ ಎಂದರೆ ದೊಡ್ಡ ಹೆಸರು. ಅಪ್ಪ ಇದ್ದಾನೋ ಇಲ್ಲವೋ ಎಂದು ತಿಳಿಯಲು ಅವನ ಹೆಸರಿನಲ್ಲಿ ಒಂದು ಲೋಟ ಇಡಬೇಕಾಗಿತ್ತು. ಒಂದು ಲೋಟ ಇಡಲು ಒಂದು ಇಡೀ ಕಾದಂಬರಿ ಬರೆಯಬೇಕಾಗಿತ್ತು.

ಬರೆಸಿದ್ದು ಕಾಫಿಯೇ. ಸುಳ್ಳು ಹೇಳಿ ಏನಾಗಬೇಕಾಗಿದೆ, ನನಗೆ ಕಾಫಿ ಇಲ್ಲದೆ ಪೆನ್ನಿನ ಮುಚ್ಚಳವೂ ಬಿಚ್ಚುವುದಿಲ್ಲ. ಬೆಳಿಗ್ಗೆ ಫಿಲ್ಟರಿನಿಂದ ಮೊದಲ ಡಿಕಾಕ್ಷನ್ ಇಳಿದರೆ ಒಂದು ಅಧ್ಯಾಯ ಎದ್ದು ಕೂರುತ್ತಿತ್ತು. ಹನ್ನೊಂದರ ಕಾಫಿಗೆ ಅದು ನಡೆಯುತ್ತಿತ್ತು, ಮಧ್ಯಾಹ್ನದ ಕಾಫಿಗೆ ಜಗಳವಾಡುತ್ತಿತ್ತು. ಮಾಡಿಕೊಡುತ್ತಿದ್ದವಳು ಅಮ್ಮ. ಒಂದು ತೊಟ್ಟೂ ರುಚಿ ನೋಡದೆ, ಬರೀ ಬಣ್ಣ ನೋಡಿ, ಊರಿನಲ್ಲೇ ಇಲ್ಲದಂಥ ಕಾಫಿ ಮಾಡುತ್ತಿದ್ದಳು. ಜೊತೆಗೆ ಅಪ್ಪನ ಸಂಗತಿಯನ್ನೂ ಅವಳೇ ಕೊಡುತ್ತಿದ್ದಳು.

"ಕುಡಿಯೋಕೆ ಮುಂಚೆ ಕಣ್ಣು ಮುಚ್ಕೊಂಡು ವಾಸನೆ ತಗೋತಿದ್ರು" ಎನ್ನುತ್ತಿದ್ದಳು. "ಡಿಕಾಕ್ಷನ್ ಇಳೀತಿರೋವಾಗ ಏನೋ ಒಂದು ಗುನುಗ್ತಾ ಇರೋರು. ಕಡೇ ಗುಟುಕು ಮಾತ್ರ ಲೋಟದ ಕೆಳಗಿನ ದವರಕ್ಕೆ ಬಗ್ಗಿಸ್ಕೊಂಡೇ ಕುಡಿಯೋದು. ಚಿಕೋರಿ ಬೆರೆಸಿದ್ರೆ ಮುಗೀತು, ಎರಡು ದಿನ ಮುಖ ಊದಿಸ್ಕೊಂಡಿರೋರು."

ಅದನ್ನೆಲ್ಲ ನಾನು ಬರೆದೆ. ಅಂಥ ರಸಿಕನ ಮಗಳು ನಾನು ಎಂದು ಒಳಗೊಳಗೇ ಜಂಬವೂ ಇತ್ತು. ನನ್ನ ಕಾಫಿ ಹುಚ್ಚು ಪಿತ್ರಾರ್ಜಿತ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಕಾದಂಬರಿಯಲ್ಲಿ ಅಪ್ಪನ ಪಕ್ಕದಲ್ಲಿ ಅಮ್ಮನನ್ನೂ ಇಟ್ಟೆ, ಮಾತು ಕಡಿಮೆ, ಸಹನೆ ಜಾಸ್ತಿ, ಬಾಗಿಲ ಕಡೆಯೇ ಕಣ್ಣು. ನಡುನಡುವೆ ಸಣ್ಣಪುಟ್ಟ ಪಾತ್ರಗಳೂ ಬಂದವು. ಅದರಲ್ಲೊಬ್ಬ ಒಂದೇ ಪುಟದವನು. ತುಂಬಿದ ಕಾಫಿ ಹೋಟೆಲಿಗೆ ಬರುತ್ತಾನೆ, ಟವೆಲಿನ ತುದಿಯಿಂದ ಮೂಗು ಮುಚ್ಚಿಕೊಂಡು "ಮಜ್ಜಿಗೆ ಇದೆಯಾ?" ಎಂದು ಕೇಳುತ್ತಾನೆ, "ಇಲ್ಲ" ಎಂದರೆ ಹೊರಟುಹೋಗುತ್ತಾನೆ. ಎಲ್ಲಿಂದ ಹೊಳೆದನೋ ಗೊತ್ತಿಲ್ಲ, ಬರೆಯುವಾಗ ಒಬ್ಬಳೇ ನಕ್ಕಿದ್ದೆ. ಆ ಪುಟ ಓದಿ ಹೇಳಿದರೆ ಅಮ್ಮ ನಗಲಿಲ್ಲ. ಒಗೆದ ಬಟ್ಟೆ ತರುತ್ತೇನೆಂದು ಹಿತ್ತಲಿಗೆ ಹೋದಳು. ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಕರಡು ಮುಗಿಯುತ್ತ ಬಂದಂತೆ ಅಮ್ಮ ಅಡ್ಡಗಾಲು ಹಾಕತೊಡಗಿದಳು. "ಯಾಕೆ ಅವಸರ? ಇನ್ನೊಂದಷ್ಟು ಎಳಿ. ಮದುವೆ ಗಿದುವೆ ಒಂದು ಹಾಕು" ಎನ್ನುತ್ತಿದ್ದಳು. ಅಪ್ಪನ ಲೋಟ ಕೆನೆ ಕಟ್ಟಿ ಕೂತರೆ ಏನು ಗತಿ ಎಂದು ಅವಳಿಗೆ ಭಯ ಎಂದುಕೊಂಡೆ. ನನಗೂ ಅದೇ ಭಯವಿತ್ತು. ಆದರೆ ಭಯಕ್ಕಿಂತ ದೊಡ್ಡದು ತಿಳಿಯಬೇಕೆಂಬ ಹಟ. ಒಂದು ಮಧ್ಯಾಹ್ನ, ಲೋಟದ ತಳದಲ್ಲಿ ಇನ್ನೊಂದು ಗುಟುಕು ಇರುವಾಗಲೇ, ಕಡೆಯ ವಾಕ್ಯ ಬರೆದು ಪೆನ್ನು ಕೆಳಗಿಟ್ಟೆ.

ಮಾರನೆಯ ಬೆಳಿಗ್ಗೆ ಹಜಾರ ಗುಡಿಸಿ, ಮಣೆ ಹಾಕಿ, ಪ್ರತಿ ಮಣೆಯ ಮುಂದೆ ಸೀಮೆಸುಣ್ಣದಲ್ಲಿ ಹೆಸರು ಬರೆದು ಲೋಟ ಇಟ್ಟೆ. ಮೊದಲ ಮಣೆ ಅಪ್ಪನದು, ಪಕ್ಕದ್ದು ಅಮ್ಮನದು. ಟವೆಲಿನವನಿಗೆ ಕಾದಂಬರಿಯಲ್ಲಿ ಹೆಸರೇ ಇರಲಿಲ್ಲವಾದ್ದರಿಂದ ಬಾಗಿಲ ಹತ್ತಿರದ ಕಡೇ ಮಣೆಯ ಮುಂದೆ "ಟವೆಲಿನವನು" ಎಂದೇ ಬರೆದೆ. ಅಮ್ಮ ದೊಡ್ಡ ಪಾತ್ರೆಯಿಂದ ಕಾಫಿ ಬಗ್ಗಿಸುತ್ತ ಬಂದಳು.

ಮೊದಲು ಬಂದವನು ಪುಡಿಯಂಗಡಿಯ ಚನ್ನವೀರಪ್ಪ. ಹೇಳಿಬರಬೇಕೆಂಬ ಶಾಸ್ತ್ರವನ್ನು ನಾನು ಅವಸರದಲ್ಲಿ ಮರೆತಿದ್ದೆ. ಅರ್ಧ ಮುಖಕ್ಕೆ ಸೋಪಿನ ನೊರೆ, ಇನ್ನರ್ಧ ನುಣ್ಣಗೆ, ಆ ಅವತಾರದಲ್ಲೇ ನಡೆದು ಬಂದು ಕೂತ.

"ಒಂದು ಮಾತು ಹೇಳ್ಬಾರ್ದಾ ವನಮಾಲಮ್ಮ?" ಎಂದು ಗೊಣಗಿದ. "ಕತ್ತಿ ಕೈಲಿತ್ತು. ಕಾಲು ಎದ್ದೇಬಿಡ್ತು. ಕುಯ್ಕೊಂಡಿದ್ರೆ?"

ಅವನ ಹಿಂದೆ ಪಕ್ಕದ ಮನೆಯ ಫಿಲೋಮಿನಮ್ಮ ಬಂದಳು. ನನ್ನ ಹೆರಿಗೆ ಮಾಡಿಸಿದ ಸೂಲಗಿತ್ತಿ, ಈಗ ಮುದುಕಿ. ಅವಳ ಕೈಯಲ್ಲಿ ಅರ್ಧ ಹೆಚ್ಚಿದ ಸೋರೆಕಾಯಿ ಇತ್ತು. ಅವರಿಬ್ಬರು ಕುಡಿಯುತ್ತಿರುವಾಗ ಉಳಿದ ಲೋಟಗಳಲ್ಲಿ ಕಾಫಿ ಒಂದೊಂದಾಗಿ ಇಳಿಯತೊಡಗಿತು. ನಾನು ಕಟ್ಟಿದ ವಕೀಲ, ಕಟ್ಟಿದ ಸಾಹುಕಾರ, ಕಟ್ಟಿದ ನಾದಿನಿ, ಎಲ್ಲರೂ ಕಾಣದಂತೆ ಬಂದು ಸದ್ದಿಲ್ಲದೆ ಕುಡಿದರು. ಬೇರೆ ದಿನವಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆನೇನೋ. ನನ್ನ ಕಣ್ಣು ಮಾತ್ರ ಅಪ್ಪನ ಲೋಟದ ಮೇಲಿತ್ತು. ಹಬೆ ಏಳುತ್ತಿತ್ತು, ಕಾಫಿ ಕದಲಿರಲಿಲ್ಲ.

ಆಗ ಅಮ್ಮ ಪಾತ್ರೆಯನ್ನು ಕೆಳಗಿಟ್ಟಳು. ಅವಳ ಹೆಸರಿನ ಮಣೆಯೂ ಕಾಯುತ್ತಿತ್ತಲ್ಲ, ಸರಿ, ಕೂರುತ್ತಾಳೆ ಎಂದುಕೊಂಡೆ. ಅವಳು ತನ್ನ ಮಣೆಯನ್ನು ದಾಟಿ ಮುಂದೆ ಹೋದಳು. ಅಪ್ಪನ ಮಣೆ ಸರಿಪಡಿಸುತ್ತಾಳೇನೋ ಎಂದುಕೊಂಡೆ. ಅವಳು ಅದರ ಮೇಲೆ ಕೂತಳು.

"ಅಮ್ಮಾ, ಅದು ಅಪ್ಪಂದು" ಎಂದೆ.

ಅಮ್ಮ ನನ್ನ ಕಡೆ ನೋಡಲಿಲ್ಲ. ಎರಡೂ ಕೈಯಲ್ಲಿ ಅಪ್ಪನ ಲೋಟ ಎತ್ತಿಕೊಂಡಳು. ಕಣ್ಣು ಮುಚ್ಚಿ ವಾಸನೆ ತೆಗೆದುಕೊಂಡಳು. ಗಂಟಲಿನಲ್ಲಿ ಏನೋ ಒಂದು ಗುನುಗಿದಳು. ಕುಡಿದಳು. ಕಡೇ ಗುಟುಕನ್ನು ದವರಕ್ಕೆ ಬಗ್ಗಿಸಿಕೊಂಡು ಕುಡಿದು, ಮೇಲ್ದುಟಿಯ ನೊರೆಯನ್ನು ನಾಲಗೆಯಿಂದ ಸವರಿಕೊಂಡಳು. ನಾನು ಪುಟಗಟ್ಟಲೆ ಬರೆದಿದ್ದ ಅಪ್ಪ ಅಮ್ಮನ ಸೀರೆ ಉಟ್ಟುಕೊಂಡು ಕೂತ ಹಾಗಿತ್ತು.

ಚನ್ನವೀರಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ, ನೊರೆ ಒಳಗೆ ಹೋಯಿತು. ಊರಿಗೆ ಊರೇ ಕೈಮುಗಿಯುತ್ತಿದ್ದ ವ್ರತ ಅವನ ಕಣ್ಣೆದುರಿಗೇ ಲೋಟದಲ್ಲಿ ಇಳಿದುಹೋಗಿತ್ತು.

"ಪಕ್ಕದ್ದು ನೋಡಮ್ಮ ವನೂ" ಎಂದಳು ಫಿಲೋಮಿನಮ್ಮ ಮೆಲ್ಲಗೆ.

ಅಮ್ಮನ ಹೆಸರಿನ ಲೋಟ ಖಾಲಿಯಾಗಿತ್ತು, ಯಾರೂ ಮುಟ್ಟದೆ. ಆ ಸಹನೆಯ, ಬಾಗಿಲು ಕಾಯುವ ಹೆಂಗಸು ವಕೀಲನ ಹಾಗೆ, ನಾದಿನಿಯ ಹಾಗೆ, ಬರೀ ಕಟ್ಟಿದವಳು. ಅಂಥವಳೊಬ್ಬಳು ನಮ್ಮ ಮನೆಯಲ್ಲಿ ಎಂದೂ ಇರಲೇ ಇಲ್ಲ.

ಬಂದವರಿಬ್ಬರೂ ಲೋಟ ಕೆಳಗಿಟ್ಟು ಎದ್ದರು. ಚನ್ನವೀರಪ್ಪ ಹೊಸ್ತಿಲಲ್ಲಿ ನಿಂತು, "ನಾನೇನೂ ನೋಡಿಲ್ಲ ಅಮ್ಮಾವ್ರೇ" ಎಂದ. ಪಾಪ, ಅವನ ಮುಖ ನೋಡಿದರೆ ಎಲ್ಲ ನೋಡಿದ್ದು ಗೊತ್ತಾಗುತ್ತಿತ್ತು. ಫಿಲೋಮಿನಮ್ಮ ಅಮ್ಮನ ಭುಜ ಒತ್ತಿ, ಸೋರೆಕಾಯಿ ಹಿಡಿದುಕೊಂಡು ಹೋದಳು.

"ಡಿಕಾಕ್ಷನ್ ಸ್ವಲ್ಪ ನೀರಾಯ್ತು" ಎಂದಳು ಅಮ್ಮ.

ನನಗೆ ರೇಗಿ ಹೋಯಿತು. "ಕಾಫಿ ವಿಚಾರ ಬಿಡು! ನೀನ್ಯಾಕೆ ಅಲ್ಲಿ ಕೂತೆ? ನಾನು ಬರೆದಿರೋದು ಅಪ್ಪನ್ನ!"

"ನಾನೆಲ್ಲಿ ಕೂತೆ? ಕಾಲು ಕೂರಿಸ್ತು." ಲೋಟವನ್ನು ಅಂಗೈಯಲ್ಲಿ ಸುತ್ತಿಸುತ್ತ ಕೂತಳು. "ಅವ್ರು ಕಾಫಿ ಕುಡೀತಿರ್ಲಿಲ್ಲ ಕಣೇ" ಎಂದಳು.

ಅಮ್ಮ ನೆಲ ನೋಡುತ್ತ ಹೇಳುತ್ತ ಹೋದಳು. "ಕುಡಿಯೋದಿರ್ಲಿ, ವಾಸನೆ ಕಂಡ್ರಾಗ್ತಿರ್ಲಿಲ್ಲ. ತಲೆನೋವು ಬರೋದು. ನನಗೋ ಅದಿಲ್ದೆ ಬೆಳಗಾಗ್ತಿರ್ಲಿಲ್ಲ. ಗುನುಗ್ತಿದ್ದೋಳು ನಾನು, ಮುಖ ಊದಿಸ್ಕೋತಿದ್ದೋಳು ನಾನು. ಆ ದಿನ ಬೀಜ ಹುರೀತಿದ್ದೆ. ಅವ್ರು ಬಾಗಿಲಲ್ಲಿ ಬಂದು ನಿಂತ್ರು. 'ಈ ಮನೇಲಿ ಕಾಫಿ ಇರ್ಬೇಕು, ಇಲ್ಲ ನಾನಿರ್ಬೇಕು. ಯಾವ್ದು ಹೇಳು' ಅಂದ್ರು. 'ಕಾಫಿ' ಅಂದೆ."

"ತಮಾಷೆಗಾ?"

"ಅದೇ ಗೊತ್ತಿಲ್ಲ ವನೂ. ಬೀಜ ಆಗ ತಾನೇ ಕೆಂಪಗಾಗ್ತಿತ್ತು, ತಿರುಗಿದ್ರೆ ಸೀದುಹೋಗೋದು. ತಿರುಗ್ದೇನೇ ಅಂದೆ. ಬಾಂಡ್ಲಿ ಇಳಿಸಿ ನೋಡೋ ಹೊತ್ತಿಗೆ ಅವ್ರಿರ್ಲಿಲ್ಲ. ಸಂಜೆಗೆ ಬರ್ತಾರೆ ಅಂತ ನಾನೂ ಸುಮ್ನಿದ್ದೆ. ಬರ್ಲಿಲ್ಲ. ಬೀದಿಯೋರು ಎಲ್ಲಿ ಅಂತ ಕೇಳಿದ್ರು. ಮನೆ ತುಂಬ ಆ ಘಮ ತುಂಬಿತ್ತು, ಬಾಯಿಗೆ ಅದೇ ಬಂತು. ಪುಡಿ ತರೋಕೆ ಹೋಗಿದಾರೆ ಅಂದೆ. ಆಮೇಲೆ ಕಾಫಿ ಕುಡಿಯೋಕೆ ಹೋದ್ರೆ ಗಂಟ್ಲಲ್ಲಿ ಇಳೀಲಿಲ್ಲ. ಜನ ಅದಕ್ಕೆ ವ್ರತ ಅಂದ್ರು. ಹೂಂ ಅಂದೆ."

ಕಾಫಿ ಎಂಬ ಒಂದು ಮಾತಿಗೆ ಮನೆಯ ಗಂಡಸು ಹೋದ. ಆ ಮಾತು ಆಡಿದ್ದಕ್ಕೆ ಅವಳು ಕಾಫಿಯನ್ನೇ ಬಿಟ್ಟಳು. ಬಿಟ್ಟವಳು ದಿನಕ್ಕೆ ಎಷ್ಟೋ ಸಲ ನನಗೆ ಅದನ್ನೇ ಮಾಡಿಕೊಟ್ಟಳು. ನಾನು ಅದನ್ನು ಹೀರುತ್ತ ಕೂತು ಇಲ್ಲದ ಅಪ್ಪನನ್ನು ಬರೆದೆ. ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. ಅಮ್ಮನ ಮೇಲಿನ ಸಿಟ್ಟಿಗಿಂತ ಕರಡಿನ ಮೇಲೆ ಸಿಟ್ಟು ಹೆಚ್ಚಾಗಿತ್ತು. ಅಷ್ಟು ಬರೆದೂ ಅಪ್ಪ ಅದರೊಳಗೆ ಇರಲೇ ಇಲ್ಲವಲ್ಲ. ಎರಡನೆಯ ಕರಡಿಗೆ ನಮ್ಮೂರಿನಲ್ಲಿ ಯಾರೂ ಬರುವುದಿಲ್ಲ. ಅವನು ಇದ್ದಾನೋ ಇಲ್ಲವೋ ತಿಳಿಯುವ ದಾರಿ ನನ್ನ ಕೈಯಾರೆ ಮುಚ್ಚಿಹೋಗಿತ್ತು.

"ಹ್ಯಾಗಿದ್ರಮ್ಮ ಅವ್ರು, ನಿಜವಾಗ್ಲೂ?" ಎಂದು ಕೇಳಿದೆ.

"ಎತ್ತರ. ಬೆಳಿಗ್ಗೆ ಎದ್ರೆ ಮಜ್ಜಿಗೆ ಬೇಕು. ನಾನು ಒಲೆ ಮುಂದೆ ಇದ್ರೆ ಟವೆಲ್ ತುದೀಲಿ ಮೂಗು ಮುಚ್ಕೊಂಡೇ ಒಳಗೆ ಬರೋರು. ನೀನು ತೆವಳಿಕೊಂಡು ಹೋಗಿ ಅವ್ರ ಟವೆಲ್ ಎಳ್ದು ಕೇಕೆ ಹಾಕಿ ನಗ್ತಿದ್ದೆ. ಆ ಪುಟ ಓದಿದಾಗ ನನ್ನ ಎದೆ ಒಡ್ದು ಹೋಯ್ತು. ಇವಳಿಗೆ ಯಾರು ಹೇಳಿದ್ರು ಅಂತ."

ಇಬ್ಬರ ತಲೆಯೂ ಒಟ್ಟಿಗೇ ಬಾಗಿಲ ಕಡೆ ತಿರುಗಿತು. ಕಡೇ ಮಣೆಯ ಮುಂದೆ ಲೋಟ ಕಂಠದವರೆಗೂ ತುಂಬಿತ್ತು. ತಾನಾಗಿ ಇಳಿದಿರಲಿಲ್ಲ, ಯಾರೂ ಬಂದಿರಲಿಲ್ಲ. ಕಟ್ಟಿ ಬರೆದೆನೆಂದು ನಾನು ಅಂದುಕೊಂಡಿದ್ದವನು ಕಟ್ಟಿದವನಲ್ಲ. ಹಾಗಾದರೆ ಎಲ್ಲಿಂದಲೋ ನಡೆದು ಬರುತ್ತಿರಬೇಕು. ಇಲ್ಲವೆಂದರೆ ಎಂದೋ ಸತ್ತಿರಬೇಕು. ಮೂರನೆಯದಿಲ್ಲ.

ಆ ದಿನ ನಾವು ಅಡುಗೆ ಮಾಡಲಿಲ್ಲ. ಅಮ್ಮ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಹೊಯ್ದು, ಚಮಚದಿಂದ ತಟ್ಟುತ್ತ ಗುನುಗುತ್ತ ಕೂತಳು. ಡಿಕಾಕ್ಷನ್ ಇಳಿದ ಹಾಗೆಲ್ಲ ಕಾಫಿ ಬೆರೆಸಿ ನನಗೊಂದು ಕೊಟ್ಟು ತಾನೊಂದು ಕುಡಿದಳು. ಇಷ್ಟು ವರ್ಷದ ಬಾಕಿಯನ್ನು ಒಂದೇ ದಿನ ತೀರಿಸುವವಳ ಹಾಗೆ ಕುಡಿದಳು. ಕಡೇ ಮಣೆಯ ಮುಂದಿನ ಲೋಟದ ಮೇಲೆ ಕೆನೆ ಕಟ್ಟಿತು. ಒಂದು ಇರುವೆ ಅಂಚಿಗೆ ಬಂದಿತು, ಅಮ್ಮ ಅದನ್ನು ಊದಿ ಓಡಿಸಿದಳು. ಬೀದಿಯಲ್ಲಿ ಯಾರ ಚಪ್ಪಲಿಯ ಸದ್ದಾದರೂ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ತರಕಾರಿಯವಳು ಬಂದು ಹೋದಳು. ಶಾಲೆಯ ಮಕ್ಕಳು ಹೋದರು. ಬಿಸಿಲು ಹಜಾರದಿಂದ ಇಳಿದು ಜಗಲಿಗೆ ಹೋಯಿತು, ಜಗಲಿಯಿಂದ ಬೀದಿಗೆ ಹೋಯಿತು.

ಹೊತ್ತು ಮುಳುಗಿದಾಗ ನಾನು ದೀಪದ ಬತ್ತಿ ಸರಿಮಾಡಿ ಕಡ್ಡಿಪೆಟ್ಟಿಗೆ ಹುಡುಕಿದೆ. ಎಲ್ಲೂ ಸಿಗಲಿಲ್ಲ. ನೋಡಿದರೆ ಅದು ಅಮ್ಮನ ಮುಷ್ಟಿಯಲ್ಲಿತ್ತು.

"ಕೊಡಮ್ಮ. ಹೊತ್ತಾಯ್ತು."

"ಕೊಡಲ್ಲ."

"ದೀಪ ಹಚ್ಚದೆ ಇದ್ರೆ ಆಗುತ್ತಾ?"

"ಹಚ್ಚಿದ್ರೆ ಆ ಲೋಟ ಚೆಲ್ಬೇಕು. ಚೆಲ್ಲೋಕೆ ನಾನು ಬಿಡಲ್ಲ. ಒಂದು ಸಲ ತಿರುಗಿ ನೋಡ್ದೆ ಮಾಡಿದ್ದು ಸಾಕು." ಮುಷ್ಟಿಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಕರಡು ಮುಗಿಸಬೇಡ ಎಂದು ಅಡ್ಡಗಾಲು ಹಾಕುತ್ತಿದ್ದವಳು ಇವಳೇ. ಈಗ ದಿನವನ್ನೇ ಮುಗಿಯಲು ಬಿಡದೆ ಕೂತಿದ್ದಳು.

ಫಿಲೋಮಿನಮ್ಮ ಗೇಟಿನ ಹತ್ತಿರ ಬಂದು, "ಯಾಕಮ್ಮಾ, ಕತ್ತಲಾಯ್ತು, ದೀಪ ಹಚ್ಚಿಲ್ವಾ?" ಎಂದು ಕೇಳಿದಳು. ಬಾಗಿಲಿನಿಂದ ಬಗ್ಗಿ ಆ ಒಂದು ತುಂಬಿದ ಲೋಟ ನೋಡಿದಳು. ಏನೂ ಕೇಳದೆ ಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಮನೆಯ ಕಿಟಕಿ ಕತ್ತಲಾಯಿತು. ಆಮೇಲೆ ಎದುರುಮನೆಯದು ಕತ್ತಲಾಯಿತು. ಬೀದಿಯ ತುದಿಯಲ್ಲಿ ಚನ್ನವೀರಪ್ಪನ ಅಂಗಡಿಯದೂ ಆರಿತು. ಕಾಫಿಯ ಮನೆಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದು ಎಂಬುದನ್ನು ನಮ್ಮೂರಿನವರು ಪಾಲಿಸುವುದಿಲ್ಲ ಎಂದೆನಲ್ಲ, ಆ ಸಂಜೆ ಅದೇ ಒಳ್ಳೆಯದಾಯಿತು. ಇಡೀ ಬೀದಿ ದೀಪ ಹಚ್ಚದೆ ನಮ್ಮ ಜೊತೆ ಕೂತಿತು. ನನಗೆ ಆಗ ಗಟ್ಟಿಯಾಗಿ ಅಳು ಬಂತು.

ಬೀದಿಯಲ್ಲಿ ಎಡವಿಕೊಂಡು ನಡೆಯುವ ಹೆಜ್ಜೆ ಕೇಳಿಸಿತು. ಗೇಟು ಕಿರುಗುಟ್ಟಿತು. ಬಾಗಿಲಲ್ಲಿ ಒಂದು ಎತ್ತರದ ಮುದಿ ಆಕಾರ ಬಂದು ನಿಂತಿತು. ಕೊರಳಲ್ಲಿ ದರ್ಜಿಗಳ ಅಳತೆಯ ಟೇಪು ನೇತಾಡುತ್ತಿತ್ತು, ಹೊಲಿಯುತ್ತಿದ್ದ ಕೆಲಸವನ್ನು ಹಾಗೇ ಬಿಟ್ಟು ಎದ್ದು ಬಂದಿರಬೇಕು. ಕಾಲು ಮೊಣಕಾಲಿನವರೆಗೂ ಧೂಳಾಗಿತ್ತು. ಟವೆಲಿನ ತುದಿಯಿಂದ ಮೂಗು ಮುಚ್ಚಿಕೊಂಡಿದ್ದರು.

ನಾನು ಗೋಡೆ ಹಿಡಿದುಕೊಂಡೆ.

"ಮಜ್ಜಿಗೆ ಇದೆಯಾ?" ಎಂದರು.

ನನ್ನ ಕರಡಿನಲ್ಲಿ ಈ ಪ್ರಶ್ನೆಗೆ "ಇಲ್ಲ" ಎಂಬ ಉತ್ತರವಿತ್ತು. ಇಲ್ಲ ಎಂದರೆ ಅವರು ತಿರುಗಿ ಹೋಗಬೇಕು, ನಾನು ಬರೆದದ್ದೇ ಹಾಗೆ. ಕತ್ತಲೆಯಲ್ಲಿ ಕಡ್ಡಿ ಗೀರಿದ ಸದ್ದಾಯಿತು. ಅಮ್ಮ ದೀಪ ಹಚ್ಚಿದಳು. ಇನ್ನೊಂದು ಕೈಯಲ್ಲಿ ಅವಳ ಕಾಫಿ ಲೋಟ ಹಾಗೇ ಇತ್ತು. ಅವಳು ಅದನ್ನು ಕೆಳಗಿಡಲಿಲ್ಲ, ಬಚ್ಚಿಡಲೂ ಇಲ್ಲ. ಈ ಸಲ ಪೂರ್ತಿ ತಿರುಗಿ, ಅವರ ಮುಖವನ್ನೇ ನೋಡಿದಳು.

"ಇದೆ" ಎಂದಳು. "ಒಳಗೆ ಬನ್ನಿ. ಕಾಫಿ ವಾಸನೆ ಮಾತ್ರ ಇರುತ್ತೆ, ಮೊದಲೇ ಹೇಳ್ಬಿಟ್ಟಿದೀನಿ."